ರೇಷ್ಮೆ ಕಾಲೋನಿಯ ನೀರು ನಿಲ್ಲಿಸಿದ ದಾಸಮ್ಮ

ಮಾಯಣ್ಣನ ಬಲಗೈಯನ್ನು ಕುದಿಯುವ ನೀರಿಗೆ ಅದ್ದಿದಾಗ ಬೆಳಗಿನ ಹತ್ತು ಗಂಟೆ. ಅವನ ಹೆಂಡತಿ ದಾಸಮ್ಮ ಕಾಲೋನಿಯ ಪಾರ್ಕಿನಲ್ಲಿ ಕಳೆ ಕೀಳುತ್ತಿದ್ದಳು. ಕೂಗು ಕೇಳಿಸಿತು. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳಿಗೂ ಅದು ಗಂಡನ ದನಿ ಎಂದು ಗೊತ್ತಾಗಲಿಲ್ಲ. ಯಾರೋ ಮೇಕೆ ಕೊಯ್ಯುತ್ತಿರಬೇಕು ಅಂದುಕೊಂಡು ಇನ್ನೆರಡು ಹಿಡಿ ಹುಲ್ಲು ಕಿತ್ತಳು. ಆಮೇಲೆ ಬಹಳ ವರ್ಷ ಅವಳನ್ನು ಒಳಗೊಳಗೇ ಕೊರೆದದ್ದು ಆ ಎರಡು ಹಿಡಿ ಹುಲ್ಲು.

ಗಂಡ ಹೆಂಡತಿ ಇಬ್ಬರೂ ಹೊಂಗನೂರು ಕಡೆಯವರು, ಕುರಿ ಸಾಕುವ ಮನೆತನ. ರೇಷ್ಮೆಗೆ ಬೆಲೆ ಬಂದು ಹೊಲಹೊಲವೂ ಹಿಪ್ಪುನೇರಳೆ ತೋಟವಾದಾಗ ಕುರಿ ಮೇಯಿಸಲು ಬಯಲೇ ಉಳಿಯಲಿಲ್ಲ. ತೋಟಕ್ಕೆ ಬಾಯಿ ಹಾಕಿದ ಕುರಿಯ ಕಾಲು ಮುರಿದು ಬದುವಿನ ಮೇಲೆ ಎಸೆಯುತ್ತಿದ್ದರು. ಒಂದೇ ವಾರದಲ್ಲಿ ಹಾಗೆ ನಾಲ್ಕು ಕುರಿ ಹೋದ ಮೇಲೆ ಮಾಯಣ್ಣ ಇಡೀ ಹಿಂಡನ್ನು ಮಾರಿ ರಾಮನಗರಕ್ಕೆ ಬಂದ. ದಾಸಮ್ಮ ನೂಲು ತೆಗೆಯುವ ಶೆಡ್ಡಿಗೆ ಸೇರಿದಳು. ಗೂಡು ಬೇಯುವ ಬೇಸಿನ್ನಿನ ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬಿಳುಚಿ ಸುಕ್ಕುಗಟ್ಟಿದವು.

ಅದೇ ಕಾಲಕ್ಕೆ ನೂಲು ತೆಗೆಯುವವರ ಸಂಘವೊಂದು ಊರಾಚೆ ಕಾಲೋನಿ ಕಟ್ಟಿತು. ನಕ್ಷೆ ಬರೆದು ಮೊದಲೇ ಎಲ್ಲವನ್ನೂ ಗುರುತು ಮಾಡಿದ ಅರವತ್ತು ಮನೆಗಳ ಬಡಾವಣೆ. ಎತ್ತರದ ನೀರಿನ ಟ್ಯಾಂಕು, ಕಲ್ಲು ಕಟ್ಟಿದ ಚರಂಡಿ, ಬೀದಿ ದೀಪ, ಒಂದು ಪಾರ್ಕು, ಮದುವೆ ಮುಂಜಿಗೆ ಒಂದು ಸಮುದಾಯ ಭವನ. ನೂಲು ತೆಗೆಯಲು ಮಾತ್ರ ಹಿಂದುಗಡೆ ಬೇರೆ ಶೆಡ್ಡುಗಳ ಸಾಲು, ಅದಕ್ಕೆ ಬೇರೆ ಬೋರ್‌ವೆಲ್. ಕುರಿ ಮಾರಿದ ದುಡ್ಡಿಗೆ ಮಾಯಣ್ಣನಿಗೆ ದಕ್ಕಿದ್ದು ಚರಂಡಿ ಪಕ್ಕದ ಮೂಲೆ ಸೈಟು, ಅರವತ್ತನೇ ನಂಬರು.

ಕಾಗದಕ್ಕೆ ಸಹಿ ಹಾಕಿಸುವಾಗ ಸಂಘದ ಕಾರ್ಯದರ್ಶಿ ಸನಾವುಲ್ಲಾ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದ.

"ಮನೆ ನಿಮ್ದು. ಬೀದಿ, ಟ್ಯಾಂಕು, ಚರಂಡಿ, ಪಾರ್ಕು ಅರವತ್ತು ಜನದ್ದೂ. ಅದಕ್ಕೇ ತಿಂಗಳ ವಂತಿಗೆ."

"ಬಾಡಿಗೆ ಇದ್ದಂಗಾ ಸಾಬ್ರೇ?" ಅಂದಿದ್ದಳು ದಾಸಮ್ಮ.

"ಬಾಡಿಗೆ ಅಲ್ಲಮ್ಮ. ಬಾಡಿಗೆ ಇನ್ನೊಬ್ಬನಿಗೆ ಕೊಡ್ತೀರಿ. ಇದು ನಿಮ್ಗೆ ನೀವೇ ಕೊಟ್ಕಳೋದು. ಮೋಟರು ಸುಟ್ಟೋದ್ರೆ, ಚರಂಡಿ ಕಟ್ಕೊಂಡ್ರೆ ಇದರಿಂದ್ಲೇ ಆಗಬೇಕು. ಇನ್ನೊಂದು, ಅಧ್ಯಕ್ಷರಿಗೂ ಒಂದೇ ಓಟು, ಮಾಯಣ್ಣಂಗೂ ಒಂದೇ ಓಟು. ಬೈಲಾದಲ್ಲಿ ಬರ್ದೈತೆ."

ದಾಸಮ್ಮನಿಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ಮಾಯಣ್ಣನನ್ನೇ ಸಂಘದವರು ನೀರು ಬಿಡುವ ಕೆಲಸಕ್ಕೆ ಇಟ್ಟುಕೊಂಡರು. ಮೂರಡಿ ಉದ್ದದ ಕಬ್ಬಿಣದ ಕೀಲಿ ಹೆಗಲಿಗಿಟ್ಟು ಅವನು ಬೆಳಿಗ್ಗೆ ಮೇಲಿನ ಸಾಲಿಗೆ, ಮಧ್ಯಾಹ್ನ ಕೆಳಗಿನ ಸಾಲಿಗೆ ವಾಲ್ವು ತಿರುಗಿಸುತ್ತಿದ್ದ.

ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಹದಿನೇಳನೇ ಮನೆಯ ತಿಮ್ಮಯ್ಯನ ಕೈಗೆ ಕಾಸು ಬಂತು. ಗೂಡಿನ ಮಾರ್ಕೆಟ್ಟಿನಲ್ಲಿ ಅವನು ಹರಾಜಿಗೆ ನಿಂತರೆ ಬೇರೆಯವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಬೆಲೆ ಏರಿಸಿದ ಒಬ್ಬನ ಕಿವಿ ಹರಿದಿದ್ದ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಶೆಡ್ಡಿಗೆ ಹೋಗದೆ ಮನೆಯ ಹಿತ್ತಿಲಲ್ಲೇ ಹತ್ತು ಬೇಸಿನ್ ಕೂರಿಸಿದ. ಕುಡಿಯುವ ನೀರಿನ ಪೈಪಿಗೆ ನೇರವಾಗಿ ಮೋಟರು ಇಟ್ಟು ಎಳೆದ. ಮೇಲಿನ ಸಾಲಿನ ನಲ್ಲಿಗಳು ಬರೀ ಗಾಳಿ ಉಗುಳತೊಡಗಿದವು. ಸತ್ತ ಹುಳು ತೇಲುವ ಕೊಳಕು ನೀರು ಚರಂಡಿಯಲ್ಲಿ ಕಟ್ಟಿ ದಾಸಮ್ಮನ ಬಾಗಿಲಿಗೆ ಬಂತು. ನೀರೇ ಬಾರದ ಮೇಲೆ ವಂತಿಗೆ ಯಾಕೆ ಎಂದು ಇಪ್ಪತ್ತು ಮನೆಯವರು ಕೊಡುವುದನ್ನು ನಿಲ್ಲಿಸಿದರು. ವಂತಿಗೆ ನಿಂತದ್ದಕ್ಕೆ ಬೀದಿ ದೀಪ ಹೋಯಿತು, ಚರಂಡಿ ತೆಗೆಯುವವರು ಬರಲಿಲ್ಲ.

ಸಂಘ ಮೂರು ನೋಟೀಸು ಕೊಟ್ಟಿತು. ಮೂರನೆಯದನ್ನು ತಿಮ್ಮಯ್ಯ ಒಲೆಗೆ ಹಾಕಿದ. ಕೊನೆಗೆ ಕಮಿಟಿಯ ಐವರೂ ಕೂಡಿ ಹೋಗಿ ಪೈಪು ಕತ್ತರಿಸುವುದು ಎಂದು ಠರಾವಾಯಿತು. ಹೋಗಬೇಕಾದ ಮಂಗಳವಾರ ಅಧ್ಯಕ್ಷ ವೃಷಭೇಂದ್ರಪ್ಪ ಅಂಗಡಿಗೆ ಸರಕು ಬರುತ್ತದೆ ಅಂದರು. ಒಬ್ಬರಿಗೆ ಜ್ವರ, ಇಬ್ಬರು ಮಾಗಡಿಗೆ ಮದುವೆಗೆ ಹೋಗಿದ್ದರು. ಸನಾವುಲ್ಲಾ ಗೂಡಿನ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಮಾಯಣ್ಣ ಒಬ್ಬನೇ ಸ್ಪ್ಯಾನರ್ ಹಿಡಿದು ಹೋಗಿಬಿಟ್ಟಿದ್ದ.

ದಾಸಮ್ಮ ಓಡಿ ಹೋದಾಗ ಅವನು ಹಿತ್ತಿಲ ಮಣ್ಣಿನಲ್ಲಿ ಬಿದ್ದು ಒದ್ದಾಡುತ್ತಿದ್ದ. ತಿಮ್ಮಯ್ಯನ ಇಬ್ಬರು ಆಳುಗಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಮಾಯಣ್ಣನ ಮೊಣಕೈವರೆಗೆ ಚರ್ಮ ಸುಲಿದು ಇಳಿದಿತ್ತು. ಬೆರಳಿಗೆ ರೇಷ್ಮೆ ಎಳೆ ಸುತ್ತಿಕೊಂಡಿತ್ತು. ತಿಮ್ಮಯ್ಯನ ಹೆಂಡತಿ ಸಿದ್ದಮ್ಮ ಬಿಂದಿಗೆಯಿಂದ ತಣ್ಣೀರು ಸುರಿಯುತ್ತಿದ್ದಳು. ಅವಳ ತುಟಿ ಒಡೆದಿತ್ತು. ಬೇಸಿನ್ನಿನಿಂದ ಕೈಯನ್ನು ಎಳೆದು ತೆಗೆದವಳು ಅವಳೇ.

"ಪೈಪ್ ಮುಟ್ಟಿದ್ ಕೈ," ಅಂದ ತಿಮ್ಮಯ್ಯ, ಬೀಡಿ ಹಚ್ಚಿಕೊಳ್ಳುತ್ತ. "ಕರ್ಕೊಂಡೋಗು."

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಮಾಯಣ್ಣ ಹೆದರಿ, ಕಾಲು ಜಾರಿ ಬಿದ್ದೆ ಅಂದ. ಅಧ್ಯಕ್ಷರು ಹಣ್ಣು ತಂದು ಮಂಚದ ಪಕ್ಕ ಕೂತರು.

"ಖರ್ಚೆಲ್ಲ ಸಂಘ ನೋಡ್ಕೊಳ್ತದೆ. ಕೇಸು ಗೀಸು ಬ್ಯಾಡ ಕಣಮ್ಮ. ಒಂದೇ ಕಾಲೋನೀಲಿ ಮುಖ ನೋಡ್ಕೊಂಡು ಬದುಕಬೇಕಲ್ಲ."

"ಖರ್ಚು ನೋಡ್ಕಳಿ. ಸಂಘದ ಕೆಲ್ಸಕ್ಕೆ ಹೋಗಿ ಆದ ಗಾಯ ಅದು, ಕೊಡ್ಲೇಬೇಕು," ಅಂದಳು ದಾಸಮ್ಮ. "ಮೋಟರು ಯಾವಾಗ ಕೀಳ್ತೀರಿ ಅದನ್ನೇಳಿ."

ಭಾನುವಾರ ಸಮುದಾಯ ಭವನದಲ್ಲಿ ಸರ್ವ ಸದಸ್ಯರ ಸಭೆ ಸೇರಿತು. ತಿಮ್ಮಯ್ಯ ಮುಂದಿನ ಕುರ್ಚಿಯಲ್ಲಿ ಜನರ ಕಡೆಗೆ ಮುಖ ಮಾಡಿಕೊಂಡು ಕೂತ. ಮೋಟರು ಕೀಳಬೇಕು ಎನ್ನುವವರು ಕೈ ಎತ್ತಿ ಎಂದು ಅಧ್ಯಕ್ಷರು ಅಂದಾಗ ಮಾಯಣ್ಣ ಬ್ಯಾಂಡೇಜು ಸುತ್ತಿದ ಕೈಯನ್ನೇ ಎತ್ತಿದ. ಎಡಗೈಯಿಂದ ಅದಕ್ಕೆ ಆಸರೆ ಕೊಟ್ಟ. ಸನಾವುಲ್ಲಾ ಎತ್ತಿದ. ಇನ್ನೂ ಏಳೆಂಟು ಕೈಗಳು ಎದ್ದವು. ತಿಮ್ಮಯ್ಯ ಒಬ್ಬೊಬ್ಬರ ಮುಖವನ್ನೂ ನಿಧಾನಕ್ಕೆ ನೋಡಿದ. ಎರಡು ಕೈ ಕೆಳಗಿಳಿದವು. ಬೇಡ ಎನ್ನುವವರು ಎಂದಾಗ ಭವನದ ತುಂಬ ಕೈಗಳು.

ಸೋಮವಾರ ಬೆಳಿಗ್ಗೆ ದಾಸಮ್ಮ ಗಂಡನ ಕೀಲಿ ತೆಗೆದುಕೊಂಡು ಟ್ಯಾಂಕಿನ ಬುಡಕ್ಕೆ ಹೋದಳು. ಅರವತ್ತು ಮನೆಗೂ ಒಂದೇ ದೊಡ್ಡ ವಾಲ್ವು. ಅದನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿ, ಅದಿದ್ದ ಗುಂಡಿಯ ಮೇಲೆ ಚಪ್ಪಡಿ ಎಳೆದು ಅದರ ಮೇಲೆ ಕೂತಳು.

ಒಂಬತ್ತು ಗಂಟೆಗೆ ಹೆಂಗಸರು ಕೊಡ ಹಿಡಿದು ಬಂದರು. ಮೊದಲು ಬೇಡಿಕೊಂಡರು, ಆಮೇಲೆ ಬೈದರು. ನಿನ್ನೆ ಬೇಡ ಎಂದು ಕೈ ಎತ್ತಿದವನ ಹೆಂಡತಿಯೊಬ್ಬಳು ಅವಳ ಜುಟ್ಟು ಹಿಡಿದು ಎಳೆದಳು. ಹಿಂದಿನಿಂದ ಬಂದ ಕಲ್ಲು ಬೆನ್ನಿಗೆ ಬಿತ್ತು.

"ನೀನೇನ್ ಕಾಲೋನಿ ಯಜಮಾನ್ತೀನಾ?"

"ನೀವೂ ಹೌದು," ಅಂದಳು ದಾಸಮ್ಮ, ಕೂದಲು ಬಿಡಿಸಿಕೊಂಡು. "ಅರವತ್ ಜನಾನೂ ಹೋಗಿ ಆ ಮೋಟರು ಕೀಳಿ. ಆವಾಗ ಬುಡ್ತೀನಿ. ಒಬ್ಬನ್ನೇ ಕಳಿಸಿದ್ರಲ್ಲ, ಅವನ್ ಕೈ ನೋಡ್ಕೊಂಡ್ ಬನ್ನಿ ಓಗಿ."

ಒಂದಿಬ್ಬರು ನಿಜವಾಗಿಯೂ ಹೋಗಿ ನೋಡಿದರು. ಮಧ್ಯಾಹ್ನ ಬ್ಯಾಂಡೇಜು ಬದಲಿಸುವಾಗ ಬಾಗಿಲಲ್ಲಿ ನಿಂತು ನೋಡಿ ಮನೆಗೆ ನಡೆದರು. ಸನಾವುಲ್ಲಾನ ಮನೆಯಿಂದ ರೊಟ್ಟಿ ಬಂತು. ಕತ್ತಲಾದ ಮೇಲೂ ದಾಸಮ್ಮ ಮನೆಗೆ ಹೋಗಲಿಲ್ಲ.

ಮಂಗಳವಾರದ ಹೊತ್ತಿಗೆ ತಿಮ್ಮಯ್ಯನ ಬೇಸಿನ್ನುಗಳು ಒಣಗಿದ್ದವು. ಬೇಯಿಸಿಟ್ಟ ಗೂಡು ನಾರತೊಡಗಿತ್ತು. ಅವನು ಹಿತ್ತಿಲಿನ ಆ ಇಬ್ಬರು ಆಳುಗಳನ್ನೂ ಕರೆದುಕೊಂಡು, ಕೈಯಲ್ಲೊಂದು ಪೈಪಿನ ತುಂಡು ಹಿಡಿದು ಟ್ಯಾಂಕಿನ ಹತ್ತಿರ ಬಂದ. ಬೀದಿಯ ಎರಡೂ ಕಡೆ ಜನ ನಿಂತು ನೋಡಿದರು.

"ಎದ್ದೇಳು."

"ಏಳಾಕಿಲ್ಲ."

ಅವನು ಎದೆಗೆ ಒದ್ದ. ಅವಳು ಚಪ್ಪಡಿಯಿಂದ ಉರುಳಿ ಬಿದ್ದಳು. ಏಳುವಷ್ಟರಲ್ಲಿ ಪೈಪು ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿದು ಒಂದು ಕಣ್ಣಿಗೆ ಏನೂ ಕಾಣದಾಯಿತು. ಅವನು ಮತ್ತೆ ಪೈಪು ಎತ್ತಿದ. ಆಗ ದಾಸಮ್ಮ ಕುಕ್ಕರಗಾಲಿನಲ್ಲಿದ್ದಂತೆಯೇ ಕಬ್ಬಿಣದ ಕೀಲಿಯನ್ನು ಎರಡೂ ಕೈಯಿಂದ ಬೀಸಿದಳು. ಅದು ಅವನ ಮೊಣಕಾಲಿಗೆ ಬಡಿಯಿತು. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅವನು ಬಿದ್ದ. ಪೈಪು ಕೈಬಿಟ್ಟು ದೂರ ಉರುಳಿತು. ಅವಳು ಎದ್ದು ನಿಂತು, ನೋಡಿ, ಅದೇ ಮೊಣಕಾಲಿಗೆ ಇನ್ನೊಂದು ಏಟು ಹಾಕಿದಳು.

ಅಲ್ಲಿಗೆ ಮುಗಿಯಲಿಲ್ಲ. ಇಷ್ಟು ದಿನ ಬಾಯಿ ಬಿಡದವರಿಗೆಲ್ಲ ಈಗ ಧೈರ್ಯ ಬಂತು. ಆಳುಗಳು ಓಡಲು ನೋಡಿದರು; ಒಬ್ಬ ಸಿಕ್ಕಿಬಿದ್ದ. ಕನಕಪುರದ ಕಡೆಯಿಂದ ಕೂಲಿಗೆ ಬಂದವನು, ಮೂವತ್ತು ದಾಟಿರಲಿಲ್ಲ. ಅವನ ಹಲ್ಲು ಮುರಿದು, ಚರಂಡಿಗೆ ದಬ್ಬಿ, ಮೇಲೆ ನಿಂತು ತುಳಿದರು. ಇನ್ನೊಂದು ಗುಂಪು ಹದಿನೇಳನೇ ಮನೆಗೆ ನುಗ್ಗಿ ಬೇಸಿನ್ನು ಒಡೆಯಿತು, ನೂಲು ಸುತ್ತುವ ಚರಕ ಮುರಿಯಿತು, ಮೋಟರನ್ನು ಕಿತ್ತು ಬೀದಿಗೆ ಎಸೆಯಿತು. ಬಾಗಿಲಲ್ಲಿ ನಿಂತಿದ್ದ ಸಿದ್ದಮ್ಮನ ಕೆನ್ನೆಗೂ ಕಲ್ಲು ಬಿತ್ತು. ಭಾನುವಾರ ಮೊದಲು ಕೈ ಇಳಿಸಿದವನೇ ಎಲ್ಲರಿಗಿಂತ ಮುಂದೆ ಇದ್ದ. ದಾಸಮ್ಮ ಸಾಕು ಬುಡ್ರೋ ಎಂದು ಕೂಗುತ್ತಲೇ ಇದ್ದಳು. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಅವಳೇ ಕೀಲಿ ಹಿಡಿದು ಚರಂಡಿಯ ಹತ್ತಿರ ಬಂದು ಆ ಕೂಲಿಯವನಿಗೆ ಅಡ್ಡ ನಿಂತಳು. ಅವಳ ಮುಖದ ರಕ್ತ ಕಂಡು ಜನ ಹಿಂದೆ ಸರಿದರು.

ಪೊಲೀಸರು ಬಂದಾಗ ಬೀದಿ ಖಾಲಿಯಾಗಿತ್ತು. ದಾಸಮ್ಮನನ್ನೂ ತಿಮ್ಮಯ್ಯನನ್ನೂ ಒಂದೇ ವ್ಯಾನಿನಲ್ಲಿ ಕರೆದೊಯ್ದರು.

ಮಾರನೇ ದಿನ ಸನಾವುಲ್ಲಾ ಸಂಘದ ರಿಜಿಸ್ಟರು ಬಿಚ್ಚಿ ಕೂತವನು ತನ್ನ ಹಣೆ ತಾನೇ ಬಡಿದುಕೊಂಡ. ಒಬ್ಬನಿಗೆ ಒಂದೇ ಸೈಟು ಎನ್ನುವ ನಿಯಮವಿತ್ತು. ತಿಮ್ಮಯ್ಯನಿಗೆ ಊರೊಳಗೆ ಆಗಲೇ ಒಂದಿದ್ದುದರಿಂದ ಹದಿನೇಳನೇದನ್ನು ಸಿದ್ದಮ್ಮನ ಹೆಸರಿಗೆ ಬರೆಸಿದ್ದ. ಸದಸ್ಯೆ ಅವಳು. ತಿಮ್ಮಯ್ಯನಿಗೆ ಸಭೆಯಲ್ಲಿ ಕೂರುವ ಹಕ್ಕೂ ಇರಲಿಲ್ಲ, ಓಟೂ ಇರಲಿಲ್ಲ. ಮೂರು ನೋಟೀಸೂ ತಪ್ಪು ಹೆಸರಿಗೆ ಹೋಗಿದ್ದವು.

ಸನಾವುಲ್ಲಾ ಹೋಗಿ ಹೇಳಿದಾಗ ಸಿದ್ದಮ್ಮ ಊದಿದ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಕೇಳಿದಳು. ಆಮೇಲೆ, "ಅಂಗಾರೆ ಮನೆ ನಂದಾ?" ಅಂದಳು.

"ನಿಮ್ದೇ."

"ಇನ್ಮೇಲೆ ಮೋಟರು ಬ್ಯಾಡ ಅಂತ ಬರ್ಕಳಿ. ಎಬ್ಬೆಟ್ಟು ಹಾಕ್ತೀನಿ." ಹೆಬ್ಬೆಟ್ಟು ಒತ್ತಿದ ಮೇಲೆ ಉಟ್ಟ ಸೀರೆಯಲ್ಲೇ ಠಾಣೆಗೆ ನಡೆದಳು. ಮಾಯಣ್ಣನ ಕೈ ಅದ್ದಿದವನು ತನ್ನ ಗಂಡನೇ, ತಾನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟಳು. ಸಿದ್ದಮ್ಮನ ಮಾತು ಕೇಳಿದ ಮೇಲೆ ಮಾಯಣ್ಣನಿಗೂ ಬಾಯಿ ಬಂತು.

ಕೇಸು ನಾಲ್ಕು ವರ್ಷ ಎಳೆಯಿತು. ಜಾಮೀನಿನ ಮೇಲೆ ಹೊರಬಂದ ತಿಮ್ಮಯ್ಯ ಅಷ್ಟೂ ದಿನ ಊರೊಳಗಿನ ಮನೆಯಲ್ಲೇ ಇದ್ದ. ಕಾಲೋನಿಯ ಸಾಕ್ಷಿಗಳು ಒಬ್ಬೊಬ್ಬರಾಗಿ ನಾನು ಊರಲ್ಲೇ ಇರಲಿಲ್ಲ ಅಂದರು. ಸಿದ್ದಮ್ಮ ಮಾತ್ರ ಮಾತು ಬದಲಿಸಲಿಲ್ಲ. ದಾಸಮ್ಮನ ಸರದಿ ಬಂದಾಗ ಅವಳ ವಕೀಲರು ಹೇಳಿಕೊಟ್ಟದ್ದು ಒಂದೇ: ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಅನ್ನು.

"ಮೊದಲ್ನೇ ಏಟು ಪ್ರಾಣ ಉಳಿಸ್ಕಳಾಕೆ ಸ್ವಾಮಿ," ಅಂದಳು ದಾಸಮ್ಮ. "ಎರಡ್ನೇದು ಬೇಕು ಅಂತ್ಲೇ ಹೊಡ್ದೆ. ಅವನಾಗ ಬಿದ್ದಿದ್ದ."

ವಕೀಲರು ತಲೆ ಕೆಳಗೆ ಹಾಕಿದರು. ತಿಮ್ಮಯ್ಯನಿಗೆ ಎರಡು ವರ್ಷ ಜೈಲಾಯಿತು, ದಾಸಮ್ಮನಿಗೆ ದಂಡ. ಅದನ್ನು ಸಂಘವೇ ಕಟ್ಟಲಿ ಎಂದು ವೃಷಭೇಂದ್ರಪ್ಪನವರು ಠರಾವು ಬರೆಸಲು ಹೊರಟರು. ದಾಸಮ್ಮ ಒಪ್ಪಲಿಲ್ಲ. ವಂತಿಗೆ ಇರುವುದು ನೀರಿಗೆ, ದೀಪಕ್ಕೆ, ಚರಂಡಿಗೆ. ತನ್ನ ಸಿಟ್ಟಿಗೆ ಅರವತ್ತು ಮನೆಯವರು ಯಾಕೆ ಕೊಡಬೇಕು ಎಂದು ಕಿವಿಯ ಓಲೆ ಮಾರಿ ಕಟ್ಟಿದಳು.

ಮಾಯಣ್ಣನ ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿಕೊಂಡೇ ಉಳಿದವು. ನೀರು ಬಿಡುವ ಕೆಲಸ ದಾಸಮ್ಮನಿಗೆ ಬಂತು. ಅವಳು ಒಂದು ಷರತ್ತು ಹಾಕಿದಳು: ಯಾರದ್ದಾದರೂ ಪೈಪು ಕತ್ತರಿಸಬೇಕಾದರೆ ಕಮಿಟಿಯ ಐವರೂ ಮುಂದೆ ನಡೆಯಬೇಕು, ಕೆಲಸದವರು ಹಿಂದೆ. ಅದನ್ನು ಬೈಲಾಗೆ ಸೇರಿಸಿದರು. ಮುರಿದ ಹಲ್ಲಿನ ಕೂಲಿಯವನಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ದಾಸಮ್ಮ ಎರಡು ಸಲ ಕನಕಪುರಕ್ಕೆ ಹೋಗಿ ಹುಡುಕಿದಳು, ಸಿಗಲಿಲ್ಲ.

ಜೈಲು ಮುಗಿಸಿ ತಿಮ್ಮಯ್ಯ ಒಂದು ಮಧ್ಯಾಹ್ನ ಬಸ್ಸಿಳಿದು ಕಾಲೋನಿಗೆ ಬಂದ. ಕೋಲೂರಿಕೊಂಡು ಕಾಲೆಳೆಯುತ್ತಿದ್ದ. ದಾಸಮ್ಮ ಹದಿನೇಳನೇ ಮನೆಯ ಎದುರಿನ ವಾಲ್ವಿನ ಹತ್ತಿರವೇ ಇದ್ದಳು. ಅವನು ಅವಳನ್ನು ನೋಡಿದ. ಅವಳು ಕೀಲಿಯನ್ನು ಎರಡೂ ಕೈಯಿಂದ ಹಿಡಿದಳು. ಅವನು ಗೇಟಿನ ಚಿಲಕಕ್ಕೆ ಕೈ ಹಾಕಿದ.

ಸಿದ್ದಮ್ಮ ಒಳಗಿನಿಂದ ಬಂದು ಚಿಲಕದ ಮೇಲೆ ತನ್ನ ಕೈ ಇಟ್ಟಳು.

"ಈ ಮನೆ ನನ್ನೆಸರಲ್ಲಿ ಐತೆ," ಅಂದಳು. "ನೀರು ಬೇಕಾರೆ ಕೊಡ್ತೀನಿ. ಕುಡ್ಕೊಂಡು ಓಗು."

ಅವನು ಕೋಲು ಎತ್ತಿದ. ಮೇಲಿನ ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಸನಾವುಲ್ಲಾ ಬನಿಯನ್ನಿನಲ್ಲೇ ಹೊರಬಂದ. ಏಳೆಂಟು ಹೆಂಗಸರು ಬೀದಿಗಿಳಿದು ಸುಮ್ಮನೆ ನಿಂತರು. ತಿಮ್ಮಯ್ಯ ಕೋಲು ಇಳಿಸಿದ. ನೀರು ಕುಡಿಯಲಿಲ್ಲ. ಬಂದ ದಾರಿಯಲ್ಲೇ ರಸ್ತೆಗೆ ಹೋಗಿ, ಚನ್ನಪಟ್ಟಣದ ಬಸ್ಸು ಹತ್ತಿದ.

ದಾಸಮ್ಮ ಕೀಲಿಯನ್ನು ನೆಲಕ್ಕಿಟ್ಟಳು. ಅವಳು ಪಾರ್ಕಿನ ಕಟ್ಟೆಯ ಮೇಲೆ ಕೂತಳು. ಸಿದ್ದಮ್ಮ ಒಂದು ಚೊಂಬು ನೀರು ತಂದುಕೊಟ್ಟು ತಾನೂ ಪಕ್ಕದಲ್ಲಿ ಕೂತಳು. ಕೆಳಗಿನ ಸಾಲಿನಿಂದ ಯಾರೋ ನೀರು ಯಾಕೆ ಬಂದಿಲ್ಲ ಎಂದು ಕೂಗಿ ಕೇಳಿದರು.

"ಬತ್ತೀನಿ ಇರಿ," ಅಂದಳು ದಾಸಮ್ಮ. ಅವಳಿಗೆ ಎದ್ದು ಹೋಗಲು ಇನ್ನೂ ಒಸಿ ಹೊತ್ತು ಬೇಕಾಯಿತು.