ಅಮ್ಮ ಆರ್ಗನ್ನಿನ ಒಳಗೆ ಹೋದದ್ದು

ಅಮ್ಮನಿಗೆ ಒಂದು ಹಾಡೂ ನುಡಿಸಲು ಬರುವುದಿಲ್ಲ. ಆದರೂ ಮೂವತ್ತೊಂದು ವರ್ಷ ಅವಳು ಚರ್ಚಿನ ಆರ್ಗನ್ನಿನ ಮುಂದೆ ಕೂತು ಒಂದೊಂದೇ ಕೀ ಒತ್ತಿದ್ದಾಳೆ. ಅಪ್ಪ ಅದರ ಶ್ರುತಿ ಸರಿಮಾಡುವವನು. ಅವನ ಜಾಗ ಅದರ ಕೋಣೆಯಷ್ಟು ದೊಡ್ಡ ಪೆಟ್ಟಿಗೆಯೊಳಗೆ, ಗಾಳಿ ಹೊಕ್ಕರೆ ನುಡಿಯುವ ಕೊಳವೆಗಳ ನಡುವೆ. ಅವನು "ಮುಂದೆ!" ಎಂದು ಕೂಗಿದರೆ ಅಮ್ಮ ಪಕ್ಕದ ಕೀಗೆ ಬೆರಳು ಸರಿಸಬೇಕು. ಅವರ ಸಂಸಾರದ ಅರ್ಧ ಮಾತು ಅದೊಂದೇ.

ಅಪ್ಪನಿಗೆ ಮೇಲಿನ ಸ್ವರಗಳು ಕೇಳದೆ ಆರು ವರ್ಷವಾಗಿತ್ತು. ಒಪ್ಪಿಕೊಳ್ಳಬೇಕಲ್ಲ! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಆಸಾಮಿ. ಅಮ್ಮ ಕೆದಕಲಿಲ್ಲ. ಸ್ವರ ಏರಿದ್ದರೆ ಒಮ್ಮೆ ಕೆಮ್ಮುತ್ತಿದ್ದಳು, ಇಳಿದಿದ್ದರೆ ಎರಡು ಸಲ. ಆ ಕೆಮ್ಮಿನಂತೆಯೇ ಕೊಳವೆ ತಿದ್ದಿ, "ನಿಮ್ಮಮ್ಮಂಗೆ ಧೂಳು ಆಗಿಬರಲ್ಲ," ಎನ್ನುತ್ತಿದ್ದ ಮಹಾರಾಯ.

ಹಳೆಯ ಚರ್ಚಿನ ಗೋಡೆ ಬಿರುಕುಬಿಟ್ಟಾಗ, ನೂರನಲವತ್ತು ವರ್ಷದ ಆ ಆರ್ಗನ್ನನ್ನು ಬಿಚ್ಚಿ ಹೊಳೆಯಾಚೆಯ ದೊಡ್ಡ ಚರ್ಚಿಗೆ ಸಾಗಿಸಿದರು. ಸಾವಿರಕ್ಕೂ ಮಿಕ್ಕಿ ಕೊಳವೆಗಳು, ಒಂದೊಂದನ್ನೂ ಎಳೆಗೂಸಿನಂತೆ ಹೊದಿಕೆಯಲ್ಲಿ ಸುತ್ತಿ, ಏಳು ಲಾರಿ. ಜೋಡಿಸಿದ್ದಾಯಿತು, ಇನ್ನು ಶ್ರುತಿ. ಅದು ಕೆಟ್ಟರೆ ಅಪ್ಪ ಇಷ್ಟು ವರ್ಷ ಗಳಿಸಿದ ಹೆಸರು ಮುಗಿಯಿತು.

ಆದರೆ ಅಲ್ಲಿಯ ಛಾವಣಿ ಎಷ್ಟು ಎತ್ತರವೆಂದರೆ, ಅಮ್ಮನ ಒಂದು ಕೆಮ್ಮು ನಾಲ್ಕಾಗಿ ಮರಳಿ ಬರುತ್ತಿತ್ತು. ಒಂದೋ ಎರಡೋ, ಅಪ್ಪನಿಗೆ ತಿಳಿಯಲಿಲ್ಲ. ಅಮ್ಮನ ಪಕ್ಕದಲ್ಲಿ ನಿಂತಿದ್ದ ಆ ಚರ್ಚಿನ ಆರ್ಗನ್ ವಾದಕರು, "ಮೇಲಿನ ಸ್ವರ ಯಾಕೋ ಸರಿ ಬರ್ತಿಲ್ವಲ್ಲ," ಎಂದರು.

ಪೆಟ್ಟಿಗೆಯೊಳಗಿನ ಸದ್ದು ನಿಂತಿತು. ಅಪ್ಪ ಮೈಯೆಲ್ಲ ಧೂಳಾಗಿ ಹೊರಬಂದ. ಪಾದ್ರಿ, ಬಡಗಿಗಳು, ನಾನು ಎಲ್ಲರೂ ಇದ್ದೆವು.

"ಸಣ್ಣ ಕೊಳವೆಯ ಮೇಲಿನ ಸ್ವರ ನಂಗೆ ಕೇಳಲ್ಲ ಕಣೇ. ನೀನು ಒಳಗೆ ಹೋಗು, ಕೀ ನಾನು ಒತ್ತೀನಿ."

ಮನೆಗೆ ರಿಪೇರಿಗೆ ಬರುತ್ತಿದ್ದ ಕೊಳವೆಗಳ ಮೇಲೆ ಕೈ ಪಳಗಿಸಿದ್ದ ಅಮ್ಮ, ಅವನ ಕೈಯಿಂದ ಉಪಕರಣ ತೆಗೆದುಕೊಂಡು ಚಿಕ್ಕ ಬಾಗಿಲಲ್ಲಿ ಬಗ್ಗಿದಳು. ಟಾರ್ಚ್ ಹಿಡಿದು ನಾನೂ ಹಿಂದೆ ಹೋದೆ.

ಪೆನ್ಸಿಲ್ಲಿನಷ್ಟು ಸಣ್ಣವು, ತಬ್ಬಿದರೂ ಕೈಗೆ ಸಿಗದವು, ಕೊಳವೆಗಳು ಸಾಲು ಸಾಲಾಗಿ ಕತ್ತಲೆಯೊಳಕ್ಕೆ ಏರಿಹೋಗಿದ್ದವು. ಅಮ್ಮ ಬಾಯಿ ತೆರೆದು ನಿಂತಳು. "ಇಷ್ಟೆಲ್ಲಾ ಇತ್ತೇನೇ ಒಳಗೆ? ನಾನು ಒತ್ತಿದ್ದು ಇದನ್ನೆಲ್ಲಾ?"

ಅಪ್ಪ ಪರೀಕ್ಷೆಗೆಂದು ಎಡತುದಿಯ, ಎಲ್ಲಕ್ಕಿಂತ ಕೆಳಸ್ವರದ ಕೀ ಒತ್ತಿದ. ಕಾಲಡಿಯ ಹಲಗೆ ನಡುಗಿತು. ದೊಡ್ಡ ಕೊಳವೆಗೆ ಅಂಗೈಯಿಟ್ಟು ಅಮ್ಮ ಬಂದ ಕೆಲಸವನ್ನೇ ಮರೆತಳು. ಅಷ್ಟು ಚಿಕ್ಕವಳಾಗಿ ಅವಳನ್ನು ನಾನೆಂದೂ ಕಂಡಿರಲಿಲ್ಲ.

ಆಮೇಲೆ ಸಣ್ಣವಕ್ಕೆ ಕೈಹಾಕಿದಳು. ಕಿವಿಗೊಟ್ಟು ಕೊಳವೆಯ ತುದಿಯನ್ನು ಉಪಕರಣದಿಂದ ಮೆಲ್ಲನೆ ತಟ್ಟಿದಳು, ಮತ್ತೆ ತಟ್ಟಿದಳು, ಒಮ್ಮೆ ಕೆಮ್ಮಿದಳು.

"ಏರಿತಾ?" ಹೊರಗಿನಿಂದ ಅಪ್ಪ ಕೇಳಿದ.

"ಇಲ್ಲಾರೀ, ಇದು ಧೂಳಿನ ಕೆಮ್ಮು," ಎಂದಳು ಅಮ್ಮ. "ಮುಂದೆ!"