ತವರಿನ ಹೆಸರಿನ ಕೇಸ್ ಪೇಪರ್

“ಸಿಸ್ಟರ್, ಆ ಇಂಜೆಕ್ಷನ್ ಮಾಡಬ್ಯಾಡ್ರಿ!”

ಕೂಗುತ್ತಲೇ ಹೆರಿಗೆ ಕೋಣೆಯ ಬಾಗಿಲು ತಳ್ಳಿದೆ. ಗಂಡಸರು ಒಳಗೆ ಹೋಗುವಂತಿರಲಿಲ್ಲ. ಹೋದೆ. ನರ್ಸ್ ಸಿರಿಂಜ್ ತುಂಬಿಕೊಂಡು ನಿಂತಿದ್ದಳು.

“ತಲಿ ಕೆಟ್ಟದೇನೋ ಮಲ್ಲು? ಹೊರಗ ನಡಿ!”

“ಆಕಿಗೆ ಪೆನ್ಸಿಲಿನ್ ಆಗಂಗಿಲ್ರಿ. ಹೋದ ಹೆರಿಗ್ಯಾಗ ಉಸಿರು ಹಿಡದಿತ್ತು.”

“ಕಂಪ್ಯೂಟರ್‌ನ್ಯಾಗ ಅಲರ್ಜಿ ಇಲ್ಲಂತ ಅದ.”

“ಸುಳ್ಳ್ ಅದ! ಈ ಕಾಗದ ಓದ್ರಿ ಮೊದಲ.”

ಅದು 2006. ಸೇಡಂನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ರೆಕಾರ್ಡ್ ರೂಮಿನ ಅಟೆಂಡರ್. ಓದಿದ್ದು ಏಳನೇ ಇಯತ್ತೆ. ರೋಗಿ ಬಂದರೆ ಹಳೆಯ ಕೇಸ್ ಪೇಪರ್ ಹುಡುಕಿ ಡಾಕ್ಟರ ಮೇಜಿನ ಮೇಲೆ ಇಡಬೇಕು. ಮದುವೆಯಾದ ಹೆಂಗಸು ಬಂದರೆ ತವರಿನ ಹೆಸರನ್ನೂ ಕೇಳುತ್ತಿದ್ದೆ. ಇಲ್ಲಿನ ಆಚಾರ್ಯರ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದು ಸೊಸೆಗೆ ಹೊಸ ಹೆಸರು ಇಡುತ್ತಾರೆ. ಚೊಚ್ಚಲ ಹೆರಿಗೆಗೆ ತವರಿನವರು ಹಳೆಯ ಹೆಸರು ಬರೆಸುತ್ತಾರೆ. ಮುಂದಿನದಕ್ಕೆ ಅತ್ತೆಮನೆಯವರು ಹೊಸದು ಬರೆಸುತ್ತಾರೆ. ಎರಡೂ ಕಾಗದ ಸೇರಿಸಿ ದಾರ ಕಟ್ಟಬೇಕು. ಇದನ್ನು ಯಾರೂ ಕಲಿಸಲಿಲ್ಲ, ಕೆಲಸ ಮಾಡುತ್ತ ತಿಳಿಯಿತು.

ಆ ವರ್ಷ ಕಂಪ್ಯೂಟರ್ ಬಂತು. ಹಳೆಯ ಕಾಗದದಲ್ಲಿದ್ದುದನ್ನು ಅದರಲ್ಲಿ ತುಂಬಲು ಬಂದ ಕಂಪನಿಯವನಿಗೆ ಎರಡು ಹೆಸರಿನ ವಿಷಯ ಹೇಳಿದೆ. ಒಂದೇ ಹೆಸರಿಗೆ ಜಾಗ ಇದೆ ಎಂದ. ಮ್ಯಾನೇಜರ್ ನಕ್ಕರು: “ಕಂಪ್ಯೂಟರಿಗೆ ನೀ ಸಾಲಿ ಕಲಸ್ತಿ ಏನಪಾ?”

ಅಲರ್ಜಿಯ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಅದಕ್ಕೆ ಕೌಂಟರಿನವರು ಕೇಳದೆಯೇ ‘ಇಲ್ಲ’ ಎಂದು ತುಂಬಿಬಿಡುತ್ತಿದ್ದರು. ಹಳೆಯ ಕಾಗದ ಗೋಣಿಚೀಲ ಸೇರಿತು. ಯಾರೂ ಮುಟ್ಟಬಾರದೆಂದು ಮ್ಯಾನೇಜರ್ ಹೇಳಿದರು.

ತಿಂಗಳೊಳಗೆ ಚಿಂಚೋಳಿಯಿಂದ ರಮಾ ಎಂಬ ಬಸುರಿ ಬಂದಳು. ಹೆಸರು ಬರೆಸಿದ್ದು ಅತ್ತೆ. ಕಂಪ್ಯೂಟರ್ ಹೊಸ ರೋಗಿ ಎಂದು ತೋರಿಸಿತು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಇದೇ ಆಸ್ಪತ್ರೆ, ಎಲ್ಲ ಕಂಪ್ಯೂಟರಿನಲ್ಲಿದೆ ಎಂದು ಅವಳೂ ನಂಬಿದ್ದಳು.

ಸೇಡಂನಲ್ಲೇ ಇರುವ ಅವಳ ತಾಯಿ ಓಡಿ ಬಂದರು. “ನಮ್ಮ ವನಜಾ ಎಲ್ಲಿದ್ದಾಳ್ರಿ?”

“ವನಜಾ ಅನ್ನೋರು ಯಾರೂ ಇಲ್ರಿ,” ಎಂದರು ಕೌಂಟರಿನವರು.

ಅತ್ತೆ ಸಿಡುಕಿದರು: “ನಮ್ಮನಿಯಾಗ ಆಕಿ ರಮಾ. ಎಷ್ಟು ಸಲ ಹೇಳಬೇಕ್ರಿ ನಿಮಗ?”

ರಮಾ, ವನಜಾ ಇಬ್ಬರೂ ಒಬ್ಬಳೇ ಎಂದು ನನಗೆ ಆಗ ಹೊಳೆಯಿತು. ವನಜಾಳ ಕಾಗದದ ಮೇಲೆ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದದ್ದು ಕಣ್ಣಿಗೆ ಬಂತು. ಚೀಲಗಳನ್ನು ನೆಲಕ್ಕೆ ಸುರಿದೆ. ಮೂರನೆಯದರಲ್ಲಿ ಸಿಕ್ಕಿತು. ಓಡಿದೆ.

ನರ್ಸ್ ಓದಿ ಸಿರಿಂಜ್ ಕೆಳಗಿಟ್ಟಳು. ಡಾಕ್ಟರು ಬೇರೆ ಔಷಧ ಕೊಟ್ಟು ಸಿಜೇರಿಯನ್ ಮಾಡಿದರು. ಹೆಣ್ಣು ಮಗು. ಇಬ್ಬರೂ ಉಳಿದರು.

ಮರುದಿನ ಮ್ಯಾನೇಜರ್ ಕರೆದರು. “ಚೀಲ ಯಾರ ಪರ್ಮಿಷನ್ ತಗೊಂಡು ಬಿಚ್ಚಿದಿ?”

“ಆಕಿ ಸತ್ತಿದ್ರ ಯಾರ ಪರ್ಮಿಷನ್ ಕೇಳ್ತಿದ್ರಿ ಸಾಹೇಬ್ರ?”

ಮೆಮೊ ಕೊಟ್ಟು ಒಂದು ವಾರ ಮನೆಗೆ ಕಳಿಸಿದರು. ನನ್ನ ಪರವಾಗಿ ಒಬ್ಬ ಡಾಕ್ಟರೂ ಬರಲಿಲ್ಲ.

ಕಂಪ್ಯೂಟರ್ ಬೇಡವೆನ್ನುವುದಿಲ್ಲ. ಕಾಗದವನ್ನು ಇಲಿ ತಿನ್ನುತ್ತದೆ. ಆದರೆ ರೋಗಿಯನ್ನು ಕೇಳದೆ ‘ಇಲ್ಲ’ ಎಂದು ತುಂಬುವವನು ಕೊಲೆಗೆ ಕೈ ಹಾಕುತ್ತಾನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ. ಅಷ್ಟೂ ಆಗದಿದ್ದರೆ ಆಸ್ಪತ್ರೆ ಮುಚ್ಚಿರಿ. ಇನ್ನು ಹೇಳುವುದು ಏನೂ ಇಲ್ಲ.