ಗುಡ್ಡ ಬಿಡದ ಆಂಟಿ

ವಿದೇಶದ ಮೆಡೋವೇಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ ಎಲೆ ಕೆಂಪಾಗುವ ಕಾಲದ ಒಂದು ಶನಿವಾರವನ್ನೂ ಮನೆಯಲ್ಲಿ ಕಳೆದವರಲ್ಲ. ಒಂದು ವಾರ ಯಾವುದಾದರೂ ತೋಟ, ಮರುವಾರ ಗುಡ್ಡ. ಬೆಳಿಗ್ಗೆಯೇ ನಮ್ಮ ಬಾಗಿಲು ಬಡಿದು, "ನಡಿಯವ್ವಾ, ಎಲಿ ನಮ್ಮ ಸಲುವಾಗಿ ಕಾಯಂಗಿಲ್ಲ" ಎನ್ನುತ್ತಿದ್ದರು. ಕಾರು ನನ್ನದು, ಅವಸರ ಅವರದು.

ಒಂದು ವರ್ಷ ಗುಡ್ಡದ ದಾರಿಯಲ್ಲಿ ಒದ್ದೆ ಎಲೆಗಳ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮರುವರ್ಷ ಎಲೆಗಳ ಬಣ್ಣ ತಿರುಗುತ್ತಿದ್ದಂತೆ ಅವರ ಯಜಮಾನರು, "ಅರವತ್ತು ದಾಟೇತಿ, ಇನ್ನ ಸಾಕು" ಎಂದು ಆಂಟಿಯ ಬೂಟುಗಳನ್ನು ಬಚ್ಚಿಟ್ಟರು. ಆ ಶನಿವಾರ ಆಂಟಿ ಮೂರು ಜೊತೆ ಸಾಕ್ಸಿನ ಮೇಲೆ ಯಜಮಾನರ ಬೂಟುಗಳನ್ನೇ ಹಾಕಿಕೊಂಡು ಬಂದರು.

ನನಗೆ ಭಯವಾಯಿತು. "ಆಂಟಿ, ಇವತ್ತು ಗಾರ್ಡನ್ನಿಗೇ ಹೋಗೋಣ, ಪ್ಲೀಸ್" ಎಂದೆ.

"ಗಾರ್ಡನ್ನಿಗೆ ನೀ ಹೋಗು. ನಾ ಬಿದ್ದಿದ್ದು ಗುಡ್ಡದಾಗ."

ಹೋದ ವರ್ಷ ಬಿದ್ದ ಜಾಗ ಬಂದಾಗ ನಾನು ಕೈ ಚಾಚಿದೆ. ಅವರು ಹಿಡಿಯಲಿಲ್ಲ. "ಬಿದ್ದಾಕಿನೂ ನಾನ, ಏರಾಕಿನೂ ನಾನ" ಎಂದು ಮರದ ಬೇರಿಗೆ ಕೈಯೂರಿ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿದರು. ತುದಿ ತಲುಪಿದವರೇ, ಏದುಸಿರು ಅಡಗುವ ಮೊದಲೇ ಯಜಮಾನರಿಗೆ ಫೋನ್ ಮಾಡಿದರು.

"ಗುಡ್ಡದ ಮ್ಯಾಲ ನಿಂತೀನ್ರೀ. ಬೈಯೂದಿದ್ರ ಇಲ್ಲೇ ಬಂದು ಬೈರಿ."

ಮುಂದಿನ ಶನಿವಾರ ನನ್ನ ಕಾರಿನ ಹತ್ತಿರ ಇಬ್ಬರು ನಿಂತಿದ್ದರು. ಯಜಮಾನರು ಮುಂದಿನ ಬಾಗಿಲಿಗೆ ಕೈ ಹಾಕಿದರು. ಆಂಟಿ ಅವರಿಗೆ ಹಿಂದಿನ ಸೀಟು ತೋರಿಸಿದರು.